ಭಾವ ತಂದ ಚೂಪು ಪೆಲೆಟ್

ಡಿಸೆಂಬರ್ 7, 2025, ಭಾನುವಾರ
ತೀರ್ಥಹಳ್ಳಿ

ಅಡಿಕೆ ಕೊನೆ ಕೊಯ್ಲು ಅರ್ಧ ಆಗಿದೆ, ಸುಲಿಯೋಕೆ ಜನ ಸಿಗ್ತಿಲ್ಲ, ಅಮ್ಮನ ಮಂಡಿನೋವು ಹಾಗೇ ಇದೆ. ಅದೆಲ್ಲ ಇರ್ಲಿ. ಭಾವ ಶಿವಮೊಗ್ಗದಿಂದ ಬರ್ತಾ ನಮ್ಮ ಏರ್ ಗನ್ನಿಗೆ ಹಾಕೋ ಸಣ್ಣ ಕಾಳು, ಅದೇ ಪೆಲೆಟ್, ಒಂದು ಡಬ್ಬಿ ತಂದಿದ್ದ, ಅದರ ಮೇಲೆ ಶುರುವಾದ ಮಾತು ರಾತ್ರಿ ಊಟಕ್ಕೆ ಕೂತ್ರೂ ಮುಗೀಲಿಲ್ಲ, ಈಗ್ಲೂ ತಲೇಲಿ ಕೊರೀತಿದೆ.

ಡಬ್ಬಿ ಮೇಲೆ ದೊಡ್ಡಕ್ಷರದಲ್ಲಿ ಬರೀ ಸ್ಪೀಡಿನ ಜಂಭ. ಸೆಕೆಂಡಿಗೆ ಸಾವಿರ ಅಡಿ ಮೇಲೆ ಅಂತೆ. ಒಳಗಿರೋದು ಸೀಸ ಅಲ್ಲ, ಎಂತದೋ ಮಿಶ್ರಲೋಹ, ಅಂಗೈಲಿ ಹಾಕ್ಕಂಡ್ರೆ ಇದ್ಯಾ ಇಲ್ವಾ ಗೊತ್ತಾಗಲ್ಲ, ಮೂತಿ ಮಾತ್ರ ಭಯಂಕರ ಚೂಪು. ಭಾವನ ಲೆಕ್ಕ ಸರಳ: ಜೋರಾಗಿ ಹೋದದ್ದು ದೂರ ಹೋಗತ್ತೆ, ಚೂಪಿದ್ದದ್ದು ಗಾಳಿ ಸೀಳತ್ತೆ. ಕೇಳೋಕೆ ಸರಿಯಾಗೇ ಇದೆ ಮಾರಾಯ್ರೆ, ತೊಂದ್ರೆ ಅದೇ.

ಪೆಲೆಟ್ ಅಂದ್ರೆ ಗುಂಡಲ್ಲ, ಅದು ಷಟಲ್ ಕಾಕಿನ ಜಾತಿ. ತಲೆ ಭಾರ, ಸೊಂಟ ಸಣ್ಣ, ಹಿಂದೆ ಟೊಳ್ಳು ಲಂಗ. ಗಾಳಿ ಆ ಲಂಗನ ಹಿಂದಕ್ಕೆ ಎಳೆದು ಹಿಡ್ಕಳೋದಕ್ಕೇ ಅದು ನೆಟ್ಟಗೆ ಹೋಗೋದು, ಬ್ಯಾರಲ್ಲಿನ ತಿರುಪು ಕೊಡೋ ಸುತ್ತು ಜೊತೆಗೆ. ಚೂಪು ಮೂತಿದು ತುದಿ ಒಂಚೂರು ಸೊಟ್ಟ ಇದ್ರೂ ದೂರದಲ್ಲಿ ತೂರಾಡತ್ತೆ. ಇನ್ನು ಸ್ಪೀಡು: ಶಬ್ದದ ವೇಗ ಸೆಕೆಂಡಿಗೆ 1,100 ಅಡಿ ಚಿಲ್ಲರೆ, ಅದರ ಹತ್ರ ಹತ್ರ ಹೋದ್ರೆ ಗಾಳಿ ಗಲಾಟೆ ಮಾಡಿ ಪೆಲೆಟ್ಟನ್ನ ಕುಲುಕ್ಸತ್ತೆ. ಹಗುರ ಬೇರೆ. ಐವತ್ತು ಮೀಟರ್ ಮುಟ್ಟೋ ಹೊತ್ತಿಗೆ ಆ ಹೆಚ್ಚಿನ ಸ್ಪೀಡೆಲ್ಲ ಕರಗಿ, 800 ಅಡಿಲಿ ಹೊರಟ 8.4 ಗ್ರೇನಿನ (ಅರ್ಧ ಗ್ರಾಂ ಚಿಲ್ಲರೆ ತೂಕದ) ಸೀಸದ ದುಂಡು ತಲೆದು ಹೆಚ್ಚುಕಮ್ಮಿ ಇದರ ಪಕ್ಕಕ್ಕೇ ಬಂದಿರತ್ತೆ.

ಬಾಯಲ್ಲಿ ಹೇಳಿದ್ರೆ ಭಾವ ಒಪ್ಪೋ ಪೈಕಿನಾ. ಸರಿ, ಅಂಗಳದ ತುದೀಲಿ ಬಂದೂಕು ಊರೋಕೆ ಮೂಟೆ ಇಟ್ಟು, ಆಚೆ ಧರೆಗೆ ನೆನೆಸಿದ ಅಡಿಕೆ ಹಾಳೆ ಒರಗಿಸಿದ್ವಿ. ಹಸಿ ಹಾಳೆ ಬಹಳ ಒಳ್ಳೆ ಸಾಕ್ಷಿ, ಕಾಗದದ ತರ ಹರಿಯಲ್ಲ. ಎರಡೂ ತರದ್ದು ಹೊಡೆದು ಹೋಗಿ ನೋಡಿದ್ರೆ ದುಂಡು ತಲೆದು ಒಂದು ಅಂಗೈ ಮುಚ್ಚೋವಷ್ಟು ಜಾಗದಲ್ಲಿ ಗುಂಪಾಗಿ ಬಿದ್ದಿದೆ, ತೂತು ಗುಂಡಗೆ, ಅಂಚು ಒಳಕ್ಕೆ ಮಡಚಿದೆ. ಭಾವಂದು ಹಾಳೆ ಪೂರ್ತಿ ಹರಡಿದೆ, ಒಂದೆರಡು ತೂತು ಉದ್ದುದ್ದ, ಒಂದು ಬದಿಗೆ ಲಂಗದ ಅಚ್ಚು ಸಮೇತ. ಅಂದ್ರೆ ಪೆಲೆಟ್ ಅಡ್ಡಡ್ಡ ಮಲಗಿ ಬಂದು ಬಡಿದಿದೆ. ಭಾವ ಬೆರಳು ಹಾಕಿ ನೋಡ್ದ, ಆಮೇಲೆ ಗಾಳಿ ಇತ್ತು ಅಂದ!

ಪುಟ್ಟ ಅಷ್ಟರಲ್ಲಿ, ಹಂಗಾದ್ರೆ ಅಭಿನವ್ ಬಿಂದ್ರಾ 2008 ರ ಒಲಿಂಪಿಕ್ಸಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದಿದ್ದು ಚಪ್ಪಟೆ ತಲೆ ಪೆಲೆಟ್ಟಲ್ಲಿ ಅಲ್ವಾ ಅಂತ ಕೇಳ್ದ. ಹೌದು ಮಗನೇ, ಅದು ಹತ್ತು ಮೀಟರ್ ಆಟ, ಚಪ್ಪಟೆ ತಲೆ ಕಾಗದದಲ್ಲಿ ಅಚ್ಚುಕಟ್ಟಾಗಿ ತೂತು ಕತ್ತರಿಸತ್ತೆ, ಪಾಯಿಂಟ್ ಎಣಿಸೋಕೆ ಸುಲಭ. ಮೂವತ್ತು ಮೀಟರ್ ದಾಟಿದ್ರೆ ಅದೂ ಗಾಳಿಗೆ ಎದೆ ಕೊಟ್ಟು ಸುಸ್ತಾಗತ್ತೆ.

ಹಂಗಾದ್ರೆ ಭಾರದ್ದೇ ಹಾಕು, ಹತ್ತು ಗ್ರೇನಿಂದು, ಗಾಳಿಗೂ ಜಗ್ಗಲ್ಲ ಅಂದ ಭಾವ, ಸೋಲೊಪ್ಪೋ ಜಾಯಮಾನ ಅಲ್ಲ ಅವಂದು. ಮೊದಲೇ ಸಿಲಿಂಡರಲ್ಲಿ ಗಾಳಿ ತುಂಬಿಟ್ಟ ಬಂದೂಕಾಗಿದ್ರೆ ಹೌದು ಅನ್ಬಹುದಿತ್ತು. ಇದು ಸ್ಪ್ರಿಂಗಿಂದು, ಸ್ಪ್ರಿಂಗ್ ನೂಕೋ ಪಿಸ್ಟನ್ ಗಾಳಿ ಒತ್ತಿ ಪೆಲೆಟ್ ತಳ್ಳತ್ತೆ. ಕುದುರೆ ಎಳೆದ ಕೂಡ್ಲೆ ಪಿಸ್ಟನ್ ಮುಂದಕ್ಕೆ ನುಗ್ಗತ್ತೆ, ಬಂದೂಕು ಹಿಂದಕ್ಕೆ ಒದೆಯತ್ತೆ, ಪಿಸ್ಟನ್ ಗಾಳಿ ಮೆತ್ತೆಗೆ ತಾಗಿ ನಿಂತಾಗ ಮುಂದಕ್ಕೆ ಜಗ್ಗತ್ತೆ, ಇಷ್ಟೆಲ್ಲ ನಡೆಯುವಾಗ ಪೆಲೆಟ್ ಇನ್ನೂ ಬ್ಯಾರಲ್ ಒಳಗೇ ಇರತ್ತೆ. ತೀರಾ ಭಾರದ್ದು ಹಾಕಿದ್ರೆ ಅದು ಹೊರಡೋಕೆ ಸತಾಯಿಸತ್ತೆ, ಪಿಸ್ಟನ್ ಪುಟಿದು ವಾಪಸ್ ಬರತ್ತೆ, ಶಕ್ತಿ ಅಲ್ಲೇ ನಷ್ಟ. ತೀರಾ ಹಗುರದ್ದು ಹಾಕಿದ್ರೆ ಮೆತ್ತೆ ಆಗೋ ಮುಂಚೆನೇ ಜಾರಿ ಹೋಗಿ ಪಿಸ್ಟನ್ ಗೋಡೆಗೆ ಬಡಿಯತ್ತೆ, ಸೀಲು ಸ್ಪ್ರಿಂಗು ಎರಡೂ ಹಾಳು. ನಡುವಿಂದೇ ವಾಸಿ. ಬಿಗಿಯಾಗಿ ಹಿಡಿಯೋದೂ ತಪ್ಪು, ಅಂಗೈ ಮೇಲೆ ಸುಮ್ನೆ ಕೂರಿಸಿ ಅದರ ಪಾಡಿಗೆ ಅಲುಗಾಡೋಕೆ ಬಿಡ್ಬೇಕು, ಕೋವಿ ಹಿಡಿದ ಕೈಗೆ ಇದು ಅಭ್ಯಾಸ ಆಗೋದು ಕಷ್ಟ, ದೊಡ್ಡಪ್ಪನ ಕೇಳಿ ಬೇಕಾದ್ರೆ.

ಭಾವನ ಒಳಮಾತು ಊಟದ ಹೊತ್ತಿಗೆ ಹೊರಬಂತು. ಬಾಳೆಗೊನೆ ಕೀಳೋ ಮಂಗಕ್ಕೆ ದೂರದಿಂದ ಒಂದು ಇಡಬೇಕಂತೆ. ನಂಗೆ ಅನ್ನ ಇಳೀಲಿಲ್ಲ. ಲೈಸೆನ್ಸ್ ಇಲ್ದೆ ಇಟ್ಕಳೋದು 4.5 ಎಂಎಂದು, ಶಕ್ತಿ 20 ಜೂಲಿನ ಒಳಗೆ. ನಮ್ಮದು ಬ್ಯಾರಲ್ ಬಾಯಲ್ಲೇ ಸುಮಾರು ಹದಿನಾರು, ಐವತ್ತು ಮೀಟರಲ್ಲಿ ಹತ್ತತ್ರ ಅರ್ಧ ಹೋಗಿರತ್ತೆ. ಸಾಯಲ್ಲ, ಹೊಟ್ಟೇಲಿ ಸೀಸ ಇಟ್ಕಂಡು ಎಲ್ಲೋ ಮಟ್ಟಿ ಒಳಗೆ ನರಳತ್ತೆ. 1972 ರ ವನ್ಯಜೀವಿ ಕಾಯ್ದೆ ಬೇರೆ ಇದೆ. ತೋಟ ಹಾಳಾದ ಸಿಟ್ಟು ನಂಗೂ ಇದೆ ಭಾವ, ನಾನೇನು ಮಂಗಕ್ಕೆ ಆರತಿ ಎತ್ತಲ್ಲ, ಆದ್ರೆ ಈ ಬಂದೂಕು ಹಾಳೆಗೆ ಮಾತ್ರ ಅಂದೆ. ಅಕ್ಕ ಮಜ್ಜಿಗೆ ಬಡಿಸ್ತಾ ಇಬ್ರೂ ಬಾಯಿ ಮುಚ್ಚಿ ಅಂದ್ಲು.

ಈಗ ಅವನು ಮಲಗಿದಾನೆ, ನಾನು ಗಾಜಿನ ಹಲಗೆ ಮೇಲೆ ಪೆಲೆಟ್ ಉರುಳಿಸ್ತಾ ಕೂತಿದೀನಿ. ಲಂಗ ನೆಗ್ಗಿದ್ದು ಸೊಟ್ಟಗೆ ಉರುಳತ್ತೆ, ಅಂತವನ್ನ ಡಬ್ಬ ಹೊಡೆಯೋಕೆ ಅಂತ ಪುಟ್ಟನಿಗೆ. ಕೊರಿಯರಲ್ಲಿ ಕುಲುಕಾಡಿ ಬಂದ ಡಬ್ಬೀಲಿ ಇವೇ ಜಾಸ್ತಿ. ಹೋದ ಮಳೆಗಾಲದಲ್ಲಿ ಉಳಿದವಕ್ಕೆ ಬಿಳಿ ಪುಡಿ ಹಿಡಿದಿದೆ, ನಮ್ಮೂರ ಥಂಡಿಗೆ ಸೀಸನೂ ಬೂಸಲು. ಅವು ಬೇಡ, ಮತ್ತೆ ಮುಟ್ಟಿದ ಕೈ ತೊಳೀಬೇಕು. ಇನ್ನುಳಿದವು ಎರಡು ತರ: ಒಂದೇ ಕಂಪನಿ, ಒಂದೇ ತೂಕ, ತಲೆ ಅಳತೆ ಮಾತ್ರ ಬೇರೆ, 4.51 ಮತ್ತು 4.52 ಎಂಎಂ. ಬ್ಯಾರಲ್ಲಿಗೆ ಬೆರಳಲ್ಲಿ ಒತ್ತಿದ್ರೆ ಒಂದು ಸಲೀಸಾಗಿ ಹೋಗತ್ತೆ, ಇನ್ನೊಂದು ಕೊಂಚ ಬಿಗಿ. ನಮ್ಮ ಬಂದೂಕಿಗೆ ಬಿಗಿದೇ ಇಷ್ಟ ಅಂತ ನಂಗೆ ಅನ್ಸತ್ತೆ, ಆದ್ರೆ ಬೇರೆ ಪೆಲೆಟ್ ಹಾಕಿದ್ಮೇಲೆ ಬ್ಯಾರಲ್ ಅದಕ್ಕೆ ಹೊಂದೋ ತನಕ ಮೊದಲ ಕೆಲವು ಈಡು ಲೆಕ್ಕಕ್ಕೆ ಹಿಡಿಯೋ ಹಾಗಿಲ್ಲ, ಹಂಗಾಗಿ ನಾಳೆ ಬೆಳಿಗ್ಗೆ ಗಾಳಿ ಏಳೋ ಮುಂಚೆ 4.52 ಮಾತ್ರ, ಭಾವ ಎದ್ರೆ ಅವನ ಕೈಲೇ ಹೊಡೆಸಿ ನೋಡೋದು, ಆದ್ರೆ ಸುಲಿಯೋಕೆ ಜನ ಬಂದ್ಬಿಟ್ರೆ ಅದೂ ಇಲ್ಲ.