ಮುಚ್ಚಿಹೋದ ಬ್ಯಾಂಕಿನ ನೋಟಿಗೆ ಯಾಕಿಷ್ಟು ಬೆಲೆ?

ಹಳೇ ಅಮೆರಿಕನ್ ನೋಟುಗಳ ಮಾತು ಬಂದರೆ ಈ ಪ್ರಶ್ನೆ ತಪ್ಪಿದ್ದಲ್ಲ: "ಹೆಸರೇ ಕೇಳಿರದ ಊರು, ಯಾವತ್ತೋ ಬಾಗಿಲು ಹಾಕಿದ ಬ್ಯಾಂಕು. ಅದರ ಹತ್ತು ಡಾಲರ್ ನೋಟಿಗೆ ಸಾವಿರಾರು ಡಾಲರ್ ಯಾಕೆ ಕೊಡ್ತಾರೆ?"

ಆ ನೋಟು ತುಂಬಾ ನಂಬಿಕಸ್ಥ ನೋಟಾಗಿತ್ತು, ಅದಕ್ಕೇ ಎಂದರೆ ಜನ ನಗುತ್ತಾರೆ. ಸ್ವಲ್ಪ ಹಿಂದಕ್ಕೆ ಹೋಗಬೇಕು.

1860ಕ್ಕೆ ಮೊದಲು ಅಲ್ಲಿ ರಾಜ್ಯಗಳ ಪರವಾನಗಿ ಪಡೆದ ಬ್ಯಾಂಕುಗಳು ತಮ್ಮ ತಮ್ಮ ನೋಟು ಹೊರಡಿಸುತ್ತಿದ್ದವು. ಸಾವಿರಾರು ಬಗೆ. ಅಸಲಿ ಯಾವುದು, ನಕಲಿ ಯಾವುದು ಎಂದು ನೋಡಲು ಅಂಗಡಿಯವರು ಅದಕ್ಕೆಂದೇ ಅಚ್ಚಾಗುತ್ತಿದ್ದ ಪುಸ್ತಿಕೆ ಇಟ್ಟುಕೊಳ್ಳಬೇಕಿತ್ತು. ಬ್ಯಾಂಕು ದಿವಾಳಿ ಎದ್ದರೆ ನೋಟು ರದ್ದಿ.

ಅಂತರ್ಯುದ್ಧದ ಖರ್ಚಿಗೆ ಸರ್ಕಾರಕ್ಕೆ ದುಡ್ಡು ಬೇಕಾಯಿತು. 1863ರ ಕಾನೂನು ಬಂತು. ನ್ಯಾಷನಲ್ ಬ್ಯಾಂಕ್, ಅಂದರೆ ಕೇಂದ್ರ ಸರ್ಕಾರದ ಪರವಾನಗಿ ಪಡೆದ ಖಾಸಗಿ ಬ್ಯಾಂಕ್, ಆಗುವವರು ಸರ್ಕಾರಿ ಬಾಂಡ್ ಕೊಂಡು ಖಜಾನೆಯಲ್ಲಿ ಇಡಬೇಕು. ಅದರ ಶೇ. 90ರಷ್ಟು ಮೊತ್ತದ ನೋಟು ಬ್ಯಾಂಕಿನ ಹೆಸರಿನಲ್ಲೇ ಸಿಗುತ್ತಿತ್ತು. ಹೀಗೆ ಮೊದಲು ಬಾಗಿಲು ತೆರೆದದ್ದು ಆಯೋವಾದ ಡ್ಯಾವೆನ್‌ಪೋರ್ಟ್ ಊರಿನ ಫಸ್ಟ್ ನ್ಯಾಷನಲ್ ಬ್ಯಾಂಕ್, 1863ರ ಜೂನ್ 29ರಂದು. 1900ರಲ್ಲಿ ಚಿಕ್ಕ ಊರುಗಳಿಗೆ ಬೇಕಾದ ಬಂಡವಾಳವನ್ನು 50,000 ಡಾಲರಿನಿಂದ 25,000ಕ್ಕೆ ಇಳಿಸಿದರು. ಆಮೇಲೆ ಕೇಳಬೇಕೇ, ಮೂರು ಸಾವಿರ ಜನರೂ ಇಲ್ಲದ ಊರಿಗೂ ಸ್ವಂತ ನೋಟು ಬಂತು! 1935ರಲ್ಲಿ ಇದೆಲ್ಲ ನಿಲ್ಲುವ ಹೊತ್ತಿಗೆ 12 ಸಾವಿರಕ್ಕೂ ಹೆಚ್ಚು ಬ್ಯಾಂಕುಗಳು ನೋಟು ಹೊರಡಿಸಿದ್ದವು.

ನನಗೆ ಇಷ್ಟವಾಗುವುದು ಅದರ ಮನೆಗೆಲಸದಂಥ ರೀತಿ. ದೊಡ್ಡ ಅಳತೆಯ ಹಳೇ ನೋಟುಗಳು ಸಾಮಾನ್ಯವಾಗಿ ಹಾಳೆಗೆ ನಾಲ್ಕರಂತೆ ಅಚ್ಚಾಗಿ ಬರುತ್ತಿದ್ದವು. ಕ್ಯಾಷಿಯರ್ ಮತ್ತು ಅಧ್ಯಕ್ಷರು ಕೂತು ಸಹಿ ಹಾಕಿ, ಕತ್ತರಿಸಿ ಕೊಡುತ್ತಿದ್ದರು. ಎಷ್ಟೋ ನೋಟುಗಳ ಅಂಚು ಅದಕ್ಕೇ ಸೊಟ್ಟ. ಆಯೋವಾದ ಮೇರಿಯನ್‌ನಲ್ಲಿ 1880ರ ದಶಕದಲ್ಲಿ ಲೂಯಿಸಾ ಸ್ಟೀಫನ್ಸ್ ಎಂಬಾಕೆ ನ್ಯಾಷನಲ್ ಬ್ಯಾಂಕಿನ ಅಧ್ಯಕ್ಷೆಯಾಗಿದ್ದರು. ಆಗಿನ್ನೂ ಅಮೆರಿಕದ ಹೆಂಗಸರಿಗೆ ಓಟು ಹಾಕುವ ಹಕ್ಕೇ ಹೆಚ್ಚಿನ ಕಡೆ ಇರಲಿಲ್ಲ.

ಈಗ ಬೆಲೆಯ ವಿಷಯ. ಇಂಥ ನ್ಯಾಷನಲ್ ಬ್ಯಾಂಕು ಮುಳುಗಿದರೂ ನೋಟಿನ ಪೂರ್ತಿ ಹಣ ಖಜಾನೆಯಿಂದ ಬರುತ್ತಿತ್ತು. ಹಾಗಾಗಿ ಯಾರೂ ಎತ್ತಿಡಲಿಲ್ಲ. ಖರ್ಚು ಮಾಡಿದರು, ಸವೆದ ನೋಟು ವಾಪಸು ಹೋಗಿ ನಾಶವಾಯಿತು. ಚಿಕ್ಕ ಬ್ಯಾಂಕು ಹೊರಡಿಸಿದ್ದೇ ಕಡಿಮೆ. ಕೆಲವು ಊರುಗಳದ್ದು ಒಂದೂ ಉಳಿದಿಲ್ಲ. ಅತ್ತ, ಅಂತರ್ಯುದ್ಧಕ್ಕೂ ಹಿಂದಿನ ನ್ಯೂ ಆರ್ಲಿಯನ್ಸ್‌ನ ಕೆನಾಲ್ ಬ್ಯಾಂಕಿನ ನೋಟುಗಳು ಚಲಾವಣೆಗೇ ಹೋಗದೆ, ಕತ್ತರಿಸದ ಹಾಳೆಗಳಾಗಿ ಇವತ್ತಿಗೂ ಸಲೀಸಾಗಿ ಸಿಗುತ್ತವೆ. ಹಳೇದು, ಅಗ್ಗ! ಸ್ಯಾನ್ ಫ್ರಾನ್ಸಿಸ್ಕೋದ ಬ್ಯಾಂಕ್ ಆಫ್ ಅಮೆರಿಕದ 1929ರ ನೋಟುಗಳೂ ಅಪರೂಪವಲ್ಲ, ಅಷ್ಟೊಂದು ಅಚ್ಚಾಗಿದ್ದವು. ಅದಕ್ಕೇ ಇಸವಿಗಿಂತ ಮೊದಲು ಊರಿನ ಹೆಸರು ನೋಡಿ ಅನ್ನುತ್ತೇನೆ.

ಕರಾವಳಿಯವರು ಇನ್ನೊಂದು ಪ್ರಶ್ನೆ ಸೇರಿಸುತ್ತಾರೆ: ಮಂಗಳೂರು, ಉಡುಪಿಯಲ್ಲಿ ಅಷ್ಟೊಂದು ಬ್ಯಾಂಕು ಹುಟ್ಟಿದವಲ್ಲ, ಅವುಗಳ ನೋಟು ಯಾಕಿಲ್ಲ? ಅಮೆರಿಕ ಊರೂರಿಗೆ ಆ ಹಕ್ಕು ಕೊಡುವ ಎರಡು ವರ್ಷ ಮೊದಲೇ, 1861ರ ಕಾಯಿದೆಯಲ್ಲಿ, ಬ್ರಿಟಿಷ್ ಸರ್ಕಾರ ಇಲ್ಲಿ ಅದನ್ನು ತನ್ನ ಕೈಗೇ ತೆಗೆದುಕೊಂಡಿತ್ತು. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್ ಶುರು ಮಾಡಿದಾಗ ಠೇವಣಿ ಪಡೆಯಬಹುದಿತ್ತು, ಸಾಲ ಕೊಡಬಹುದಿತ್ತು, ನೋಟು ಮಾತ್ರ ಹೊರಡಿಸುವಂತಿರಲಿಲ್ಲ. ಅಜ್ಜನ ಪೆಟ್ಟಿಗೆಯಲ್ಲಿ ಅಂಥದ್ದೇನೋ ಸಿಕ್ಕಿತು ಅಂದರೆ ಅದು ಹಳೇ ಚೆಕ್ಕೋ ಷೇರು ಪತ್ರವೋ ಆಗಿರುತ್ತದೆ. ಬಿಸಾಡಬೇಡಿ, ಅವನ್ನು ಕೂಡಿಡುವವರೂ ಇದ್ದಾರೆ.