ಗೇರ್ ಬೀಳದ ಬೀಟಲ್: ಕ್ಲಚ್ ಕೇಬಲ್ ಮೊದಲು, ಲಿಂಕೇಜ್ ಆಮೇಲೆ

ಸುಂಟಿಕೊಪ್ಪದ ಹತ್ತಿರದ ತೋಟವೊಂದರ ಷೆಡ್‌ನಲ್ಲಿ ಮಳೆಗಾಲ ಪೂರ್ತಿ ನಿಂತಿದ್ದ 1965ರ ಫೋಕ್ಸ್‌ವ್ಯಾಗನ್ ಬೀಟಲ್. ಫಸ್ಟ್ ಗೇರ್ ಸುಲಭಕ್ಕೆ ಬೀಳುವುದಿಲ್ಲ, ರಿವರ್ಸ್ ಹಾಕಿದರೆ ಕರಕರ ಸದ್ದು. ಗೇರ್‌ಬಾಕ್ಸ್ ಇಳಿಸಲೇಬೇಕು ಎಂದು ಯಾರೋ ಆಗಲೇ ಹೇಳಿ ಹೋಗಿದ್ದರು.

ಪಾನಾ ಮುಟ್ಟುವ ಮೊದಲು ಎರಡು ಪರೀಕ್ಷೆ. ಎಂಜಿನ್ ಆಫ್ ಮಾಡಿ, ಕಾರನ್ನು ತುಸು ಹಿಂದೆ ಮುಂದೆ ಅಲುಗಿಸುತ್ತ ಎಲ್ಲ ಗೇರ್ ಹಾಕಿ ನೋಡಿದರೆ ಬಿದ್ದವು. ಎಂಜಿನ್ ಓಡುವಾಗ ಕ್ಲಚ್ ಪೂರ್ತಿ ತುಳಿದು, ಮೂರ್ನಾಲ್ಕು ಸೆಕೆಂಡ್ ಕಾದು ರಿವರ್ಸ್ ಹಾಕಿದರೂ ಕರಕರ. ರಿವರ್ಸ್‌ಗೆ ಸಿಂಕ್ರೊ (ಗೇರುಗಳ ವೇಗ ಹೊಂದಿಸಿ ಸದ್ದಿಲ್ಲದೆ ಕೂರಿಸುವ ಭಾಗ) ಇಲ್ಲದ್ದರಿಂದ, ತುಳಿದಾಗಲೂ ಕ್ಲಚ್ ಎಂಜಿನ್ನನ್ನು ಪೂರ್ತಿ ಬೇರ್ಪಡಿಸದಿದ್ದರೆ ಮೊದಲು ಚಾಡಿ ಹೇಳುವುದು ಅದೇ. ಹೀಗಿರುವಾಗ ಗೇರ್‌ಬಾಕ್ಸ್‌ಗೆ ಕೈ ಹಾಕುವುದು ದುಡ್ಡು ದಂಡ. ಕೊಡಗಿನ ಥಂಡಿಗೆ ಕ್ಲಚ್ ಪ್ಲೇಟು ತುಕ್ಕು ಹಿಡಿದು ಫ್ಲೈವೀಲ್‌ಗೆ ಅಂಟಿಕೊಳ್ಳುವುದೂ ಉಂಟು. ಎಂಜಿನ್ ಆಫ್ ಇಟ್ಟು, ಗೇರಿನಲ್ಲಿ ಕ್ಲಚ್ ತುಳಿದು ತಳ್ಳಿದಾಗ ಕಾರು ಉರುಳಿದರೆ ಅಂಟಿಲ್ಲ ಎಂದರ್ಥ. ಇದು ಉರುಳಿತು.

ಪೆಡಲಿನ ಪಕ್ಕ ಸ್ಕೇಲ್ ಇಟ್ಟು, ಬೆರಳಿನಿಂದ ಒತ್ತಿ ಬಿಗಿ ಸಿಗುವವರೆಗಿನ ಆಟ ಅಳೆದರೆ 40 ಮಿ.ಮೀ. ಇರಬೇಕಾದ್ದು 10ರಿಂದ 20. ಹೆಚ್ಚಿದ್ದರೆ ಕ್ಲಚ್ ಪೂರ್ತಿ ಬಿಡುವುದಿಲ್ಲ. ಕಡಿಮೆಯಾದರೆ ಕ್ಲಚ್ಚನ್ನು ಒತ್ತಿ ಬಿಡಿಸುವ ರಿಲೀಸ್ ಬೇರಿಂಗ್ ಸದಾ ತಿರುಗುತ್ತ ಸವೆಯುತ್ತದೆ, ಘಾಟಿಯಲ್ಲಿ ಕ್ಲಚ್ ಸ್ಲಿಪ್ ಆಗುತ್ತದೆ.

ಹೊಂದಿಸುವ ಜಾಗ ಹಿಂದಿನ ಎಡ ಚಕ್ರದ ಒಳಗೆ, ಗೇರ್‌ಬಾಕ್ಸಿನ ಪಕ್ಕ. ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನಷ್ಟೇ. ಒಂದನ್ನು ಎತ್ತಿದ ಮೇಲೆ ಅದನ್ನು ನಂಬಬಾರದು. ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಬೇಕು. ತೋಟದ ಮಣ್ಣು ಹಸಿಯಿದ್ದರೆ ಜಾಕಿನ ಕೆಳಗೆ ದಪ್ಪ ಹಲಗೆ. ಬರೀ ಜಾಕಿನ ಮೇಲೆ ನಿಂತ ಕಾರಿನಡಿಗೆ ತಲೆ ಹಾಕಬಾರದು, ಸ್ಟ್ಯಾಂಡ್ ಬೇಕೇ ಬೇಕು.

ಚಕ್ರ ಕಳಚಿದ ಮೇಲೆ ಮೊದಲು ಕಂಡದ್ದು ಬೌಡನ್ ಟ್ಯೂಬ್, ಅಂದರೆ ಛಾಸಿಯಿಂದ ಗೇರ್‌ಬಾಕ್ಸಿನ ಬ್ರಾಕೆಟ್‌ವರೆಗೆ ಕೇಬಲನ್ನು ಹೊದಿಸಿರುವ ಬಾಗುವ ಕೊಳವೆ. ಎರಡು ತುದಿಗಳ ನಡುವೆ ನೇರಗೆರೆಯಿಂದ 25ರಿಂದ 45 ಮಿ.ಮೀ. ಕೆಳಕ್ಕೆ ಅದು ಜೋಲಬೇಕು. ಆ ಬಾಗಿನಲ್ಲಿ ಹುಟ್ಟುವ ಘರ್ಷಣೆಯೇ ಕ್ಲಚ್ಚಿನ ನಡುಕವನ್ನು ತಡೆಯುವುದು. ಇಲ್ಲಿ ಕೊಳವೆ ಹೆಚ್ಚುಕಡಿಮೆ ನೆಟ್ಟಗಿತ್ತು, ಬ್ರಾಕೆಟ್ ಕಡೆ ಒಂದೂ ವಾಷರ್ ಇರಲಿಲ್ಲ. ಹಿಂದೊಮ್ಮೆ ಗೇರ್‌ಬಾಕ್ಸ್ ಮೌಂಟ್ ಬದಲಿಸಿದವರು ವಾಷರ್ ಹಾಕದೆ ಬಿಟ್ಟಿರಬೇಕು. ಮನೆದಾರಿಯ ಏರಿನಲ್ಲಿ ಹೊರಡುವಾಗ ಕಾರು ಗಡಗಡ ನಡುಗುತ್ತದೆ ಎಂಬ ದೂರೂ ಇತ್ತು, ಅದಕ್ಕೆ ಇದೇ ಕಾರಣ. ಎರಡು ವಾಷರ್ ಸೇರಿಸಿದಾಗ ಬಾಗು 30ಕ್ಕೆ ಬಂತು, ಪೆಡಲಿನ ಆಟವೂ ತಾನಾಗಿ ಇಳಿಯಿತು. ಅದಕ್ಕೇ ಬಾಗು ಮೊದಲು, ಕೇಬಲ್ ತುದಿಯ ಹೊಂದಿಸುವ ನಟ್ ಆಮೇಲೆ.

ಎರಡು ಕಿವಿಯ ಆ ವಿಂಗ್ ನಟ್ ತುಕ್ಕು ಹಿಡಿದು ಕೂತಿತ್ತು. ವೈರ್ ಬ್ರಷ್, ತುಕ್ಕು ಬಿಡಿಸುವ ಎಣ್ಣೆ, ಒಂದು ಕಾಫಿ ಕುಡಿಯುವಷ್ಟು ಹೊತ್ತು. ತಿರುಗಿಸುವಾಗ ಕೇಬಲಿನ ತುದಿಯನ್ನು ಗ್ರಿಪ್ ಪ್ಲೈಯರ್‌ನಲ್ಲಿ ಹಿಡಿಯದಿದ್ದರೆ ಇಡೀ ಕೇಬಲ್ ಹುರಿಗೊಂಡು ಎಳೆಗಳು ಕಡಿಯುತ್ತವೆ. ನಟ್ ಬಿಗಿಸಿದಷ್ಟೂ ಆಟ ಕಡಿಮೆ. 15 ಮಿ.ಮೀ.ಗೆ ನಿಲ್ಲಿಸಿ, ನಟ್ಟಿನ ಎರಡೂ ಕಿವಿ ಗೇರ್‌ಬಾಕ್ಸಿನ ಕ್ಲಚ್ ಲೀವರಿನ ತಗ್ಗಿನಲ್ಲಿ ಕೂತಿವೆಯೇ ಎಂದು ಬೆರಳಲ್ಲಿ ಮುಟ್ಟಿ ನೋಡಬೇಕು; ಕೂರದಿದ್ದರೆ ನಾಲ್ಕು ಸಲ ತುಳಿಯುವಷ್ಟರಲ್ಲಿ ಅಳತೆ ತಪ್ಪುತ್ತದೆ. ಎಷ್ಟು ಬಿಗಿಸಿದರೂ ಆಟ ಮರುಕಳಿಸುತ್ತಿದ್ದರೆ ಕೇಬಲಿನ ಎಳೆ ಬಿಚ್ಚಿರಬಹುದು, ಇಲ್ಲವೇ ಟನೆಲ್ (ಕಾರಿನ ನೆಲದ ನಡುವೆ ಉದ್ದಕ್ಕೂ ಇರುವ ಉಬ್ಬು) ಒಳಗಿನ, ಕೇಬಲ್ ಹಾಯುವ ಕೊಳವೆಯ ಬೆಸುಗೆ ಬಿಟ್ಟಿರಬಹುದು. ಒಬ್ಬರು ಪೆಡಲ್ ತುಳಿಯುವಾಗ ಹಿಂದೆ ಕೊಳವೆಯ ತುದಿ ಅಲುಗಿದರೆ ಎರಡನೆಯದೇ. ಅದು ಟನೆಲ್ ಕತ್ತರಿಸಿ ವೆಲ್ಡ್ ಮಾಡುವ ಬೇರೆಯೇ ಕೆಲಸ.

ರಿವರ್ಸ್ ಈಗ ಸದ್ದಿಲ್ಲದೆ ಬಿತ್ತು. ಆದರೂ ಗೇರ್ ಕಡ್ಡಿ ನ್ಯೂಟ್ರಲ್‌ನಲ್ಲಿ ಅತ್ತಿತ್ತ ಸಡಿಲಾಗಿ ಓಲಾಡುತ್ತಿತ್ತು. ಹಿಂದಿನ ಸೀಟಿನ ಕೆಳಗೆ, ಟನೆಲ್ ಮೇಲಿನ ಸಣ್ಣ ಮುಚ್ಚಳ ತೆಗೆದರೆ ಲಿಂಕೇಜ್, ಅಂದರೆ ಗೇರ್ ಕಡ್ಡಿಯನ್ನು ಗೇರ್‌ಬಾಕ್ಸಿಗೆ ಜೋಡಿಸುವ ಶಿಫ್ಟ್ ರಾಡಿನ ಕಪ್ಲಿಂಗ್ ಸಿಗುತ್ತದೆ. ಬ್ಯಾಟರಿಯೂ ಅದೇ ಸೀಟಿನಡಿ ಇರುವುದರಿಂದ ಸೀಟಿನ ಸ್ಪ್ರಿಂಗ್ ಟರ್ಮಿನಲ್‌ಗೆ ತಾಗದಂತೆ ಎಚ್ಚರ, ಬೆಂಕಿ ಹತ್ತಿದ ಕಾರುಗಳಿವೆ. ಕಪ್ಲಿಂಗಿನ ರಬ್ಬರ್ ಬುಷ್‌ಗಳು ಪುಡಿಪುಡಿ. ಹೊಸದು ಹಾಕಿ, ಚೌಕ ತಲೆಯ ಸ್ಕ್ರೂವಿಗೆ ಹೊಸ ತಂತಿ ಸುತ್ತಿದ್ದಾಯಿತು. ಈ ತಂತಿಯನ್ನು ಉಪೇಕ್ಷಿಸುವವರೇ ಹೆಚ್ಚು. ಸ್ಕ್ರೂ ಕಳಚಿದರೆ ಕಡ್ಡಿ ಆಡುತ್ತದೆ, ಗೇರ್ ಬದಲಾಗುವುದಿಲ್ಲ. ಸಂಪಾಜೆ ಘಾಟಿಯ ನಡುವೆ ಹಾಗಾದರೆ ದಾರಿಯಲ್ಲೇ ನಿಲ್ಲಬೇಕಾಗುತ್ತದೆ.

ಕಪ್ಲಿಂಗ್ ಬದಲಿಸಿದ ಮೇಲೆ ಕಡ್ಡಿಯ ಬುಡವನ್ನೂ ಹೊಂದಿಸಲೇಬೇಕು. ಎರಡು ಬೋಲ್ಟ್, 13ರ ಪಾನಾ. ಸಡಿಲಿಸುವ ಮೊದಲು ಬುಡದ ಅಂಚಿಗೆ, ಕೆಳಗಿನ ಸ್ಟಾಪ್ ಪ್ಲೇಟಿಗೆ (ಕಡ್ಡಿ ತಪ್ಪಿ ರಿವರ್ಸ್‌ಗೆ ಹೋಗದಂತೆ ತಡೆಯುವ ತಗಡು) ಚಾಕ್‌ನಿಂದ ಗುರುತು ಹಾಕಿಟ್ಟರೆ ಒಳ್ಳೆಯದು, ಪ್ಲೇಟು ತಿರುಗುಮುರುಗಾಗಿ ಕೂತರೆ ರಿವರ್ಸ್ ಸಿಗುವುದಿಲ್ಲ. ಸೆಕೆಂಡ್ ಗೇರಿನಲ್ಲಿಟ್ಟು, ಕಡ್ಡಿ ನೆಟ್ಟಗೆ ನಿಲ್ಲುವಂತೆ ಬುಡವನ್ನು ಹಿಂದೆ ಮುಂದೆ ಸರಿಸಿ ಬಿಗಿಯಬೇಕು. ಒಂದೆರಡು ಮಿ.ಮೀ. ಕೂಡ ಲೆಕ್ಕಕ್ಕೆ ಬರುತ್ತದೆ. ಕಡ್ಡಿಯನ್ನು ಕೆಳಕ್ಕೆ ಒತ್ತದೆಯೇ ರಿವರ್ಸ್ ಬಿದ್ದರೆ ಪ್ಲೇಟು ಸರಿಯಾಗಿ ಕೂತಿಲ್ಲ, ಮತ್ತೆ ಬಿಚ್ಚಿ.

ಬೋಯಿಕೇರಿ ದಾಟಿ ಮಡಿಕೇರಿಯ ಏರಿನಲ್ಲಿ ಥರ್ಡ್‌ನಲ್ಲಿ ಆಕ್ಸಿಲರೇಟರ್ ಒತ್ತಿ ನೋಡಿದಾಗ ಎಂಜಿನ್ ಸುಮ್ಮನೆ ರೇಸ್ ಆಗಲಿಲ್ಲ, ವೇಗವೂ ಜೊತೆಗೇ ಏರಿತು, ಸ್ಲಿಪ್ ಇಲ್ಲ. ತಿರುವಿನಲ್ಲಿ ಸೆಕೆಂಡ್‌ಗೆ ಇಳಿಸಿದಾಗಲೂ ತೊಡಕಾಗಲಿಲ್ಲ. ವಾಪಸು ಬಂದು ಅಳೆದಾಗ ಆಟ 17ಕ್ಕೆ ಏರಿತ್ತು, ಬಾಗಿದ ಟ್ಯೂಬ್ ತನ್ನ ಜಾಗದಲ್ಲಿ ಕೂತಿದ್ದರಿಂದ. ಹೊಸ ಕೇಬಲ್ ಹಾಕಿದ್ದರೆ ಇನ್ನೂ ಹೆಚ್ಚು ಸಡಿಲಾಗುತ್ತಿತ್ತು. ಅಂಥ ಕಾರನ್ನು ಮೊದಲ ಕೆಲವು ದಿನ ಓಡಿಸಿದ ಮೇಲೆ ಮತ್ತೊಮ್ಮೆ ಅಳೆಯಬೇಕು.