ಸಿಟಿ ಸ್ಕ್ಯಾನ್‌ನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಾಣುವ ಬಗೆಗಳು

ಎದೆಯ ಸಿಟಿ ಸ್ಕ್ಯಾನ್ ವರದಿಯಲ್ಲಿ ಗಂಟು ಇದೆ ಎಂದು ತಿಳಿದೊಡನೆ ಹೆಚ್ಚಿನವರು ಕೇಳುವುದು ಅದರ ಗಾತ್ರವನ್ನು. ಗಾತ್ರ ಮುಖ್ಯ ಹೌದು; 3 ಸೆಂಟಿಮೀಟರ್‌ವರೆಗಿನದನ್ನು ನಾಡ್ಯೂಲ್ ಎಂದೂ ಅದಕ್ಕಿಂತ ದೊಡ್ಡದನ್ನು ಮಾಸ್ ಎಂದೂ ಕರೆಯುತ್ತೇವೆ, ದೊಡ್ಡದಾದಷ್ಟೂ ಕ್ಯಾನ್ಸರಿನ ಸಂಭವ ಹೆಚ್ಚು. ಆದರೆ ಈ ಚಿತ್ರಗಳನ್ನು ನಿತ್ಯ ನೋಡುವ ನನಗೆ, ಗಂಟು ಎಲ್ಲಿದೆ, ಅದರ ಅಂಚು ಹೇಗಿದೆ, ಒಳಗೆ ಎಷ್ಟು ಭಾಗ ಗಟ್ಟಿಯಾಗಿದೆ ಎಂಬುದೂ ಅಷ್ಟೇ ಮುಖ್ಯವೆನಿಸುತ್ತದೆ.

ಶ್ವಾಸಕೋಶದ ಕ್ಯಾನ್ಸರಿನ ಒಂದು ಬಗೆಯಾದ ಅಡಿನೋಕಾರ್ಸಿನೋಮಾ ಸಾಮಾನ್ಯವಾಗಿ ಶ್ವಾಸಕೋಶದ ಹೊರಭಾಗದಲ್ಲಿ ಬೆಳೆಯುತ್ತದೆ. ಆರಂಭದಲ್ಲಿ ಅದರ ಜೀವಕೋಶಗಳು ಗಾಳಿಚೀಲಗಳ ಗೋಡೆಯ ಗುಂಟ ಹರಡುವಾಗ ಚೀಲದೊಳಗೆ ಗಾಳಿ ಇನ್ನೂ ಉಳಿದಿರುವುದರಿಂದ, ತೆರೆಯ ಮೇಲೆ ತೆಳು ಬೂದುಬಣ್ಣದ ಮಬ್ಬು ಮಾತ್ರ ಕಾಣುತ್ತದೆ. ಅದರೊಳಗೆ ಹಾದುಹೋಗುವ ರಕ್ತನಾಳಗಳ ಗೆರೆಗಳನ್ನೂ ಗುರುತಿಸಬಹುದು. ಇದನ್ನೇ ಗ್ರೌಂಡ್ ಗ್ಲಾಸ್, ಅಂದರೆ ಮಬ್ಬುಗಾಜಿನಂಥ ಛಾಯೆ, ಎನ್ನುತ್ತೇವೆ. ಈ ಮಬ್ಬಿನ ನಡುವೆ ಗಟ್ಟಿ ಭಾಗ ಮೂಡಿ ಬೆಳೆಯತೊಡಗಿದರೆ ಗೆಡ್ಡೆ ಸುತ್ತಲ ಅಂಗಾಂಶದೊಳಕ್ಕೆ ನುಗ್ಗುತ್ತಿರಬಹುದಾದ್ದರಿಂದ, ಆ ಭಾಗವನ್ನು ಪ್ರತ್ಯೇಕವಾಗಿಯೇ ಅಳೆಯುತ್ತೇವೆ. ಬರಿಯ ಮಬ್ಬು ಎಷ್ಟೋ ಸಲ ಸೋಂಕಿನದಾಗಿದ್ದು ಕೆಲವು ತಿಂಗಳಲ್ಲಿ ಮಾಯವಾಗುತ್ತದೆ. 6 ಮಿಲಿಮೀಟರ್ ಅಥವಾ ಅದಕ್ಕಿಂತ ದೊಡ್ಡದಾಗಿ ಹಾಗೆಯೇ ಉಳಿದದ್ದನ್ನು, ಅದು ಬಹಳ ನಿಧಾನವಾಗಿ ಬೆಳೆಯಬಲ್ಲದ್ದರಿಂದ, 5 ವರ್ಷಗಳವರೆಗೂ ಗಮನಿಸಬೇಕಾಗುತ್ತದೆ. ಅಷ್ಟು ಕಾಲ ಕಾಯುವುದು ರೋಗಿಗೆ ಎಷ್ಟು ಕಠಿಣವೆಂದು ಬಲ್ಲೆ; ಆದರೂ ಬರಿಯ ಮಬ್ಬಿಗೆ ಅವಸರದಲ್ಲಿ ಶಸ್ತ್ರಚಿಕಿತ್ಸೆ ಮಾಡುವುದಕ್ಕಿಂತ ಇದೇ ಮೇಲೆಂಬುದು ನನ್ನ ಅಭಿಪ್ರಾಯ. ಗಟ್ಟಿ ಗಂಟಿನ ಅಂಚಿನಿಂದ ಸೂಜಿಯಂಥ ಗೆರೆಗಳು ಸುತ್ತಲೂ ಚಾಚಿಕೊಂಡಿದ್ದರೆ ಅನುಮಾನ ಬಲವಾಗುತ್ತದೆ, ಆದರೆ ಹಳೆಯ ಕ್ಷಯದ ಕಲೆಯೂ ಕೆಲವೊಮ್ಮೆ ಹೀಗೇ ಕಾಣುತ್ತದೆ.

ಸ್ಕ್ವಾಮಸ್ ಸೆಲ್ ಕ್ಯಾನ್ಸರ್ ಹೆಚ್ಚಾಗಿ ದೊಡ್ಡ ಶ್ವಾಸನಾಳಗಳ ಬಳಿ ಹುಟ್ಟುವುದರಿಂದ, ಗೆಡ್ಡೆಗಿಂತ ಮೊದಲು ಅದರ ಪರಿಣಾಮವೇ ಕಣ್ಣಿಗೆ ಬೀಳಬಹುದು: ನಾಳ ಮುಚ್ಚಿ, ಅದರಾಚೆಯ ಭಾಗ ಗಾಳಿಯಿಲ್ಲದೆ ಕುಗ್ಗಿರುತ್ತದೆ. ಗೆಡ್ಡೆಯ ಒಳಭಾಗ ಕೊಳೆತು ಪೊಳ್ಳಾಗುವುದೂ ಈ ಬಗೆಯಲ್ಲಿಯೇ ಹೆಚ್ಚು. ಆ ಪೊಳ್ಳಿನ ಗೋಡೆ ದಪ್ಪವಾಗಿ, ಒಳಮೈ ಉಬ್ಬುತಗ್ಗಾಗಿರುತ್ತದೆ. ಸ್ಮಾಲ್ ಸೆಲ್ ಕ್ಯಾನ್ಸರ್ ಕೂಡ ಮಧ್ಯಭಾಗದ್ದೇ, ಆದರೆ ಅಲ್ಲಿ ದುಗ್ಧಗ್ರಂಥಿಗಳು (ಲಿಂಫ್ ನೋಡ್‌ಗಳು) ಒಂದಕ್ಕೊಂದು ಕೂಡಿಕೊಂಡು ಎಷ್ಟು ಊದಿರುತ್ತವೆಂದರೆ ಮೂಲ ಗೆಡ್ಡೆಯನ್ನು ಬೇರ್ಪಡಿಸಿ ತೋರಿಸುವುದೇ ಕಷ್ಟವಾಗುತ್ತದೆ. ತಲೆ, ಕೈಗಳ ರಕ್ತವನ್ನು ಹೃದಯಕ್ಕೆ ಮರಳಿಸುವ ಮೇಲಿನ ಮಹಾಸಿರೆಯನ್ನು ಅವು ಒತ್ತಿದರೆ ರೋಗಿಯ ಮುಖ, ಕುತ್ತಿಗೆ ಬಾತುಕೊಳ್ಳುತ್ತವೆ. ಕಾರ್ಸಿನಾಯ್ಡ್ ಎಂಬ ಇನ್ನೊಂದು ಬಗೆಯ ಗೆಡ್ಡೆ ಮಾತ್ರ ಸಾಮಾನ್ಯವಾಗಿ ನುಣುಪು ಅಂಚಿನದಾಗಿದ್ದು ಹಲವು ಸಲ ಶ್ವಾಸನಾಳದೊಳಗೇ ಇರುತ್ತದೆ.

ನನ್ನನ್ನು ಹೆಚ್ಚು ಎಚ್ಚರದಲ್ಲಿಡುವುದು ಗಂಟಾಗಿ ಕಾಣದ ಕ್ಯಾನ್ಸರ್. ಲೋಳೆ ಸ್ರವಿಸುವ ಅಡಿನೋಕಾರ್ಸಿನೋಮಾ ಗಾಳಿಚೀಲಗಳನ್ನು ತುಂಬಿಕೊಂಡು ಥೇಟ್ ನ್ಯುಮೋನಿಯಾದಂತೆಯೇ ಕಾಣಬಲ್ಲದು. ಜ್ವರವಿಲ್ಲದೆ, ಆಂಟಿಬಯೋಟಿಕ್‌ಗೂ ಜಗ್ಗದೆ ಉಳಿದ ಬಿಳಿಯ ಛಾಯೆ ಕಂಡಾಗ ‘ನ್ಯುಮೋನಿಯಾ’ ಎಂದಷ್ಟೇ ಬರೆದು ವರದಿ ಮುಗಿಸುವುದು ಸರಿಯಲ್ಲ. ಹಳೆಯ ಸ್ಕ್ಯಾನ್‌ಗಳೊಡನೆ ಹೋಲಿಸಿದ ಮೇಲೂ ಅದು ಕರಗಿಲ್ಲವೆಂದಾದರೆ, ಬಯಾಪ್ಸಿ (ಚೂರು ಅಂಗಾಂಶ ತೆಗೆದು ಪರೀಕ್ಷಿಸುವುದು) ಆಗಬೇಕೆಂದು ಸ್ಪಷ್ಟವಾಗಿ ಬರೆಯುತ್ತೇನೆ.